ಷರಾ ಕಾಲಂ ತುಂಬಿಸುತ್ತಾ

ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಗೆ ಬೆಳಗ್ಗೆ ಫೋನ್ ಬಂದರೆ ಮೊದಲ ಪ್ರಶ್ನೆ ಒಂದೇ: "ನಿಮ್ಮಲ್ಲಿ ಎಷ್ಟು?" ಎಷ್ಟು ಮಳೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಇಂಚು, ಸೆಂಟಿನಲ್ಲಿ ಬರುತ್ತದೆ. "ಎರಡು ಮೂವತ್ತು" ಅಂದರೆ ಎರಡು ಇಂಚು ಮೂವತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯವರು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಅವರ ಲೆಕ್ಕದಲ್ಲಿ ಇಂಚಿಗೆ 25.4. ಇಲ್ಲಿನವರ ಬಾಯಲ್ಲಿ ಮಾತ್ರ ಇಂಚೇ ಉಳಿದಿದೆ. ಎಷ್ಟೋ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇದೆ. ಒಳಗೆ ಅದರ ಲೆಕ್ಕ ಬರೆಯುವ ಒಂದು ಪುಸ್ತಕವೂ ಇರುತ್ತದೆ.

ನಮ್ಮ ಮನೆ ಚೇರಂಬಾಣೆ ಕಡೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಬಂದು ಒಳಗೆ ಇಳಿಯಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚು ದಾಟುವುದು ಮಾಮೂಲು. ಭಾಗಮಂಡಲದ ಕಡೆ 200 ದಾಟಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ಇದೇ ಜಿಲ್ಲೆಯ ಕುಶಾಲನಗರದಲ್ಲಿ ಅದರ ಕಾಲು ಭಾಗದಷ್ಟೂ ಮಳೆ ಇಲ್ಲ. ನಾನು ಕುಶಾಲನಗರದಿಂದಲೂ ಆಚೆಯವಳು, ಪಿರಿಯಾಪಟ್ಟಣದ ಕಡೆಯವಳು. ನಮ್ಮೂರಲ್ಲಿ ಮಳೆ ಬಂದರೆ ಎಲ್ಲರೂ ಜಗಲಿಗೆ ಬಂದು ನಿಂತು ನೋಡುತ್ತಾರೆ. ಇಲ್ಲಿ ಮಳೆ ನಿಂತರೆ ಜನ ಹೊರಗೆ ಬಂದು ನೋಡುತ್ತಾರೆ.

ಮಾವ 1984ರಿಂದ ಮಳೆ ಲೆಕ್ಕ ಬರೆಯುತ್ತಿದ್ದರು. ಉದ್ದನೆಯ ರಟ್ಟಿನ ಪುಸ್ತಕಗಳು. ಸ್ಕೇಲ್ ಇಟ್ಟು ಅವರೇ ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಂಡಿದ್ದರು. ತಾರೀಕು, ಇಂಚು, ಸೆಂಟು, ಕೊನೆಯಲ್ಲಿ ಷರಾ. ಷರಾ ಕಾಲಂ ಹೆಚ್ಚಿನ ದಿನ ಖಾಲಿ. ಅಲ್ಲೊಂದು ಇಲ್ಲೊಂದು ಕಡೆ ಏನಾದರೂ ಇರುತ್ತಿತ್ತು. "ಗಾಳಿ ಜೋರು, ಹಲಸಿನ ಮರ ಬಿತ್ತು." "ಕೆಂಪಿ ಕರು ಹಾಕಿತು." "ಮೇಲಿನ ತೋಟದಲ್ಲಿ ಕಾಫಿ ಹೂ ಪೂರ್ತಿ ಅರಳಿತು." ಅಷ್ಟೇ. ಬೇಸಾಯಕ್ಕೆ ಬೇಕಾದದ್ದು ಮಾತ್ರ.

ಅವರಿಗೆ ಪಾರ್ಶ್ವವಾಯು ಆದಾಗ ನಾವು ಮೈಸೂರಿನಲ್ಲಿ ಇದ್ದೆವು. ನಾನು ಅಲ್ಲಿ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅತ್ತೆ ಒಬ್ಬರೇ ನೋಡಿಕೊಳ್ಳುವ ಸ್ಥಿತಿ ಇರಲಿಲ್ಲ. ನಾವು ಊರಿಗೆ ಬಂದುಬಿಟ್ಟೆವು. ಬರಬೇಕಾಗಿತ್ತು, ಬಂದೆವು. ಆ ತೀರ್ಮಾನದ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಆದರೆ ತೀರ್ಮಾನ ಸರಿ ಇದ್ದ ಮಾತ್ರಕ್ಕೆ ದಿನಗಳು ಹಗುರ ಆಗುವುದಿಲ್ಲ ಅಲ್ವಾ? ಬೆಳಗ್ಗೆ ಎದ್ದರೆ ಮಾವನಿಗೆ ಮುಖ ತೊಳೆಸುವುದು, ಔಷಧಿ, ಮಗಳ ಡಬ್ಬಿ, ಕೆಲಸದವರಿಗೆ ಕಾಫಿ, ಮತ್ತೆ ಮಾವನಿಗೆ ಫಿಸಿಯೋಥೆರಪಿಯ ವ್ಯಾಯಾಮ. ಸಂಜೆ ಆರಕ್ಕೆ ಕತ್ತಲು. ಹೊರಗೆ ಮಳೆ. ಯಾರ ಮೇಲೂ ಕೋಪ ಇರಲಿಲ್ಲ. ಸುಮ್ನೆ ಒಂದು ಮಂಕು. ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ.

ಮಾವನಿಗೆ ಬಲಗೈ ಆಡುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಅವರು ಬಂದು ಕೂರುತ್ತಿದ್ದ ಕಿಟಕಿಯಿಂದ ಅಂಗಳದ ಮಳೆ ಡಬ್ಬ ಕಾಣುತ್ತದೆ. ಅದನ್ನೇ ನೋಡುತ್ತಾ ಇರುತ್ತಿದ್ದರು. ಒಂದು ಬೆಳಗ್ಗೆ ಎಡಗೈಯಲ್ಲಿ ನನ್ನ ಸೆರಗು ಹಿಡಿದು ಡಬ್ಬದ ಕಡೆ ತೋರಿಸಿದರು. ನನಗೆ ಅರ್ಥವಾಯಿತು. ಅವತ್ತಿನಿಂದ ಮಳೆ ಅಳೆಯುವ ಕೆಲಸ ನನ್ನದಾಯಿತು.

ಅದರ ಕ್ರಮ ಕಲಿಯುವುದಕ್ಕೂ ಸ್ವಲ್ಪ ದಿನ ಹಿಡಿಯಿತು. ಮೇಲೆ ಆಲಿಕೆ, ಕೆಳಗೆ ನೀರು ಸಂಗ್ರಹವಾಗುವ ಬಾಟಲಿ. ಆ ನೀರನ್ನು ಗೆರೆ ಹಾಕಿದ ಗಾಜಿನ ಜಾರಿಗೆ ಸುರಿದು ನೋಡಬೇಕು. ಜಾರನ್ನು ಸಮತಟ್ಟು ಜಾಗದಲ್ಲಿ ಇಡಬೇಕು. ನಿಂತು ಬಗ್ಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಗಾಜಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲೆ ಹತ್ತಿರುತ್ತದೆ, ಅದನ್ನು ಬಿಟ್ಟು ನಡುವಿನ ತಗ್ಗನ್ನು ಹಿಡಿಯಬೇಕು. ಹವಾಮಾನ ಇಲಾಖೆಯ ಲೆಕ್ಕ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ. ಮಾವನೂ ಅದೇ ಸಮಯ ಪಾಲಿಸುತ್ತಿದ್ದರು. ಜೋರು ಮಳೆಯ ದಿನ ಬಾಟಲಿ ತುಂಬಿ ಹೊರಗಿನ ಡಬ್ಬಕ್ಕೆ ಚೆಲ್ಲುತ್ತದೆ. ಆಗ ಅದನ್ನೂ ಸೇರಿಸಿ ನಾಲ್ಕೈದು ಸಲ ಅಳೆದು ಕೂಡಿಸಬೇಕು. ನಾನು ಓದಿದ ಅಂಕಿಯನ್ನು ಮಾವನಿಗೆ ಕೂಗಿ ಹೇಳುತ್ತಿದ್ದೆ. ಅವರು ತಲೆ ಆಡಿಸಿದ ಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಷರಾ ಕಾಲಂನಲ್ಲಿ ಏನಾದರೂ ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಮಾವನಿಗಾಗಿ. ತೋಟಕ್ಕೆ ಹೋಗಲಾರದ ಮನುಷ್ಯ. ಹೊರಗಿನ ಒಂದು ಸುದ್ದಿ ಸಿಕ್ಕಿದರೆ ಖುಷಿಯಾಗಬಹುದು ಅಂತ. ಮೊದಲ ಸಲ ಬರೆದದ್ದು "ದನದ ಕೊಟ್ಟಿಗೆ ಹಿಂದೆ ಕಣಿಲೆ ಬಂದಿದೆ" ಅಂತ. ಬಿದಿರಿನ ಎಳೆ ಮೊಳಕೆ. ಓದಿ ಹೇಳಿದೆ. ಮಾವ ನಕ್ಕರು. ಅರ್ಧ ಮುಖದಲ್ಲಿ ಮಾತ್ರ ನಗು ಬಂತು, ಆದರೂ ನಗುವೇ. ಮರುದಿನ ಏನು ಬರೆಯಲಿ ಅಂತ ಹುಡುಕುವ ಕೆಲಸ ಶುರುವಾಯಿತು.

ಹುಡುಕಿದರೆ ಸಿಗುತ್ತಿತ್ತು. ಬೆಳಕು ಹರಿಯುವ ಮುಂಚೆ ಮಲಬಾರ್ ಶಿಳ್ಳೆ ಹಕ್ಕಿ ಕೂಗುತ್ತದೆ. ಯಾರೋ ಹುಡುಗ ದಾರಿಯಲ್ಲಿ ಶಿಳ್ಳೆ ಹಾಕಿಕೊಂಡು ಹೋಗುತ್ತಿದ್ದಾನೆ ಅನ್ನಿಸಬೇಕು, ಹಾಗೆ. ಮಳೆಗಾಲದಲ್ಲೇ ಅದರ ಕೂಗು ಜಾಸ್ತಿ. ನಾನು ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಅದು ಕೂಗುತ್ತಲೇ ಇತ್ತು. ಕಿವಿಗೆ ಬಿದ್ದದ್ದು ಷರಾ ಬರೆಯಲು ಶುರು ಮಾಡಿದ ಮೇಲೆ. ಗದ್ದೆ ಬದುವಿನ ಏಡಿ, ಅಡುಗೆ ಮನೆಯ ಹೆಂಚಿನ ಸಂದಿಯಿಂದ ಬೀಳುವ ಒಂದೇ ಒಂದು ಬಿಸಿಲು ಕೋಲು, ಮಗಳ ಯೂನಿಫಾರ್ಮು ಒಲೆ ಮೇಲಿನ ಹಗ್ಗದಲ್ಲಿ ಪೂರ್ತಿ ಒಣಗಿದ್ದು. ಚೇರಂಬಾಣೆಯ ಆಷಾಢದಲ್ಲಿ ಬಟ್ಟೆ ಪೂರ್ತಿ ಒಣಗುವುದು ಸಣ್ಣ ವಿಷಯ ಅಂತ ಇಲ್ಲಿ ಬದುಕದವರು ಮಾತ್ರ ಹೇಳಬಹುದು.

ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಾಳೆ. ಫೋನಿನಲ್ಲಿ ಈ ವಿಷಯ ಹೇಳಿದಾಗ ಅವಳು ಖುಷಿಯಿಂದ ಕೂಗಿಯೇಬಿಟ್ಟಳು. ಇದನ್ನು ಅಮೆರಿಕದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ ಕಣೇ ಅಂದಳು. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಾ ಅಂತ ಇಬ್ಬರು 2003ರಲ್ಲಿ ಪ್ರಕಟಿಸಿದ್ದು. ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಕೃತಜ್ಞತೆ ಅನ್ನಿಸಿದ ಸಂಗತಿಗಳನ್ನು ಬರೆಯಲು ಹೇಳಿದರು. ಇನ್ನೊಂದು ಗುಂಪಿಗೆ ಕಿರಿಕಿರಿಗಳನ್ನು. ಮತ್ತೊಂದು ಗುಂಪಿಗೆ ಸುಮ್ಮನೆ ನಡೆದ ಘಟನೆಗಳನ್ನು. ಕೃತಜ್ಞತೆ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಉಳಿದವರಿಗಿಂತ ಸಮಾಧಾನ ಇತ್ತು. ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರ ಜೊತೆಗೂ ಮಾಡಿ ನೋಡಿದರು. ಅವರಿಗೆ ನಿದ್ದೆಯೂ ಸ್ವಲ್ಪ ಸುಧಾರಿಸಿತ್ತು. ಆಮೇಲೆ 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಯವರು ಇನ್ನೊಂದು ರೀತಿ ಮಾಡಿದರು. ರಾತ್ರಿ ಮಲಗುವ ಮುಂಚೆ ಅವತ್ತು ಚೆನ್ನಾಗಿ ನಡೆದ ಮೂರು ಸಂಗತಿ ಬರೆಯುವುದು. ಅದರ ಮುಂದೆ ಅದು ಯಾಕೆ ನಡೆಯಿತು ಅಂತಲೂ ಬರೆಯುವುದು. ಒಂದು ವಾರ ಮಾತ್ರ ಮಾಡಿಸಿದ್ದು. ಅದರ ಗುಣ ಆರು ತಿಂಗಳವರೆಗೂ ಕಂಡಿತ್ತಂತೆ.

ನನಗೆ ಆ "ಯಾಕೆ" ಹಿಡಿಸಿತು. ಅಲ್ಲಿಯವರೆಗೆ ನಾನು ಏನು ಕಂಡೆನೋ ಅದನ್ನಷ್ಟೇ ಬರೆಯುತ್ತಿದ್ದೆ. ಈಗ ಅದರ ಪಕ್ಕದಲ್ಲಿ ಯಾಕೆ ಅಂತ ಕೇಳಿಕೊಳ್ಳಲು ಶುರು ಮಾಡಿದೆ. ಇಡೀ ಕಥೆ ತಿರುಗಿದ್ದು ಅಲ್ಲಿ.

ಒಂದು ದಿನ ಬರೆದಿದ್ದೆ: "ಬಚ್ಚಲೊಲೆ ಒಂದೇ ಕಡ್ಡಿಗೆ ಹತ್ತಿತು." ಪುಷ್ಯ ಮಳೆ ಸುರಿಯುತ್ತಿದ್ದ ಕಾಲ. ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು. ಅಂಥದ್ದರಲ್ಲಿ ಒಲೆ ಯಾಕೆ ಹತ್ತಿತು? ಸೌದೆ ಒಣಗಿತ್ತು. ಸೌದೆ ಯಾಕೆ ಒಣಗಿತ್ತು? ಅತ್ತೆ ಹಿಂದಿನ ರಾತ್ರಿಯೇ ಸಣ್ಣ ಪುಳ್ಳೆಗಳನ್ನು ಆರಿಸಿ, ಅಡುಗೆ ಒಲೆಯ ಬಿಸಿ ಬೂದಿ ಪಕ್ಕ ಜೋಡಿಸಿ ಇಟ್ಟಿದ್ದರು. ಎಲ್ಲರೂ ಮಲಗಿದ ಮೇಲೆ. ಅವರು ಪ್ರತಿ ರಾತ್ರಿ ಹಾಗೆ ಮಾಡುತ್ತಿದ್ದರು. ಮಂಡಿ ನೋವಿರುವ ಹೆಂಗಸು ನೆಲಕ್ಕೆ ಕೂತು, ಮತ್ತೆ ಗೋಡೆ ಹಿಡಿದು ಎದ್ದು. ಇಷ್ಟು ವರ್ಷ ನಾನು ಕಡ್ಡಿ ಗೀರಿ ಒಲೆ ಹಚ್ಚುತ್ತಿದ್ದೆ. ಒಲೆ ಹತ್ತುತ್ತಿತ್ತು.

ಅವತ್ತು ಅತ್ತೆಗೆ ಹೇಳಿದೆ, "ಅತ್ತೆ, ನೀವು ಪುಳ್ಳೆ ಒಣಗಿಸಿ ಇಡೋದರಿಂದ ನನಗೆ ಬೆಳಗ್ಗೆ ಎಷ್ಟು ಅನುಕೂಲ ಗೊತ್ತಾ?" ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. "ಅದಕ್ಕೇನು, ಸೌದೆ ಅಲ್ವಾ" ಅಂದರು. ಆದರೆ ಅವತ್ತು ಮಧ್ಯಾಹ್ನ ಊಟ ಬಡಿಸುವಾಗ ತಮ್ಮ ತವರಿನ ಕಥೆ ಹೇಳಿದರು. ಅವರ ಅಮ್ಮ ಮಳೆಗಾಲಕ್ಕೆ ಸೌದೆಯನ್ನು ಅಟ್ಟದಲ್ಲಿ ಹೇಗೆ ಜೋಡಿಸುತ್ತಿದ್ದರು, ಯಾವ ಮರದ ಸೌದೆ ಬಾಣಂತಿ ನೀರಿಗೆ, ಯಾವುದು ಅಡುಗೆಗೆ ಅಂತೆಲ್ಲ. ಹಿಂದೆ ಯಾವತ್ತೂ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದವರಲ್ಲ.

ಹೀಗೆ ಯಾವ ಸಣ್ಣ ಖುಷಿ ಹಿಡಿದು "ಯಾಕೆ, ಯಾಕೆ" ಅಂತ ಹೋದರೂ ಹೆಚ್ಚಿನ ಸಲ ಕೊನೆಗೆ ಒಬ್ಬ ಮನುಷ್ಯ ಸಿಗುತ್ತಿದ್ದ. ಮಗಳು ಒದ್ದೆಯಾಗದೆ ಶಾಲೆಯಿಂದ ಬಂದಳು, ಯಾಕೆ? ಬಸ್ಸಿನ ಡ್ರೈವರ್ ನಮ್ಮ ಗೇಟಿನ ಹತ್ತಿರದ ತಂಗುದಾಣದವರೆಗೆ ತಂದು ನಿಲ್ಲಿಸುತ್ತಾರೆ, ತಿರುವಿನಲ್ಲಿ ಇಳಿಸುವುದಿಲ್ಲ. ಮಾವ ಇವತ್ತು ಅಂಗಿಯ ಒಂದು ಗುಂಡಿ ತಾವೇ ಹಾಕಿಕೊಂಡರು, ಯಾಕೆ? ಫಿಸಿಯೋಥೆರಪಿಗೆ ಬರುವ ಹುಡುಗಿ ಅಭ್ಯಾಸ ಮಾಡಲಿ ಅಂತ ದೊಡ್ಡ ಗುಂಡಿಗಳನ್ನು ಒಂದು ಬಟ್ಟೆಗೆ ಹೊಲಿದು ತಂದುಕೊಟ್ಟಿದ್ದಳು. ಅದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಕಣಿಲೆ ಪಲ್ಯ ರುಚಿಯಾಗಿತ್ತು, ಯಾಕೆ? ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲು ಮನೆಯ ಅಕ್ಕ ಅದನ್ನು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸಿ ಕೊಟ್ಟಿದ್ದರು. ಹಾಗೆ ನೆನೆಸದಿದ್ದರೆ ಕಣಿಲೆಯ ಕಹಿಯೂ ನಂಜೂ ಹೋಗುವುದಿಲ್ಲ. ಆ ಕೆಲಸವೆಲ್ಲ ಅವರದು, ಉಣ್ಣುವುದು ನಮ್ಮದು.

ನನ್ನ ಅನುಭವದಲ್ಲಿ ಕೃತಜ್ಞತೆ ಅನ್ನುವುದು ಗಾಳಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಒಂದು ವಿಳಾಸ ಬೇಕು. "ದೇವರು ಎಲ್ಲ ಕೊಟ್ಟಿದ್ದಾನೆ" ಅಂತ ಬರೆದ ದಿನ ಮನಸ್ಸಿಗೆ ಏನೂ ಆಗಲಿಲ್ಲ. ಅದು ಸುಳ್ಳು ಅಂತ ಅಲ್ಲ. ತುಂಬಾ ದೊಡ್ಡದು, ಕೈಗೆ ಸಿಗುವುದಿಲ್ಲ. "ಆರೋಗ್ಯ, ಮನೆ, ಮಕ್ಕಳು" ಅಂತ ಬರೆದ ದಿನವೂ ಹಾಗೇ. ಅದೇ "ಬಸ್ಸಿನವರು ತಂಗುದಾಣದವರೆಗೆ ತಂದು ಬಿಟ್ಟರು" ಅಂತ ಬರೆದ ದಿನ, ಆ ಬಸ್ಸು, ಆ ಮನುಷ್ಯ, ವೈಪರ್ ಆಡುವ ಗಾಜಿನ ಹಿಂದೆ ಅವರು ಕೈ ಎತ್ತಿದ್ದು, ಎಲ್ಲ ಕಣ್ಣ ಮುಂದೆ ಬರುತ್ತಿತ್ತು.

ಹೇಳುವುದೂ ಕಲಿಯಬೇಕಾಯಿತು. ನಮ್ಮ ಮನೆಗಳಲ್ಲಿ ಒಬ್ಬರಿಗೊಬ್ಬರು ಧನ್ಯವಾದ ಹೇಳುವ ರೂಢಿ ಇಲ್ಲ. ಹೇಳಿದರೆ ದೂರ ಮಾಡಿದ ಹಾಗೆ ಕೇಳಿಸುತ್ತದೆ. "ಥ್ಯಾಂಕ್ಸ್" ಅಂದರೆ ಅಂಗಡಿಯಲ್ಲಿ ಹೇಳಿದ ಹಾಗೆ. ನಾನು ಕಂಡುಕೊಂಡ ದಾರಿ ಅಂದರೆ, ಅವರು ಮಾಡಿದ ಕೆಲಸವನ್ನೇ ಬಿಡಿಸಿ ಹೇಳುವುದು. "ಅಕ್ಕ, ನೀವು ನೆನೆಸಿದ ಕಣಿಲೆ ಒಂಚೂರೂ ಕಹಿ ಇರಲಿಲ್ಲ. ಮಾವ ಎರಡನೇ ಸಲ ಹಾಕಿಸಿಕೊಂಡರು." ಅಷ್ಟು ಹೇಳಿದರೆ ಸಾಕು. ಲೈನ್ ಮನೆಯ ಅಕ್ಕ ಮಾರನೇ ದಿನ ಕೆಸುವಿನ ಎಲೆ ತಂದು, ಪತ್ರೊಡೆಗೆ ಯಾವ ಎಲೆ ತುರಿಸುವುದಿಲ್ಲ ಅಂತ ಕಾಂಡದ ಬಣ್ಣ ತೋರಿಸಿ ಹೇಳಿಕೊಟ್ಟರು.

ಇದೆಲ್ಲ ಸಲೀಸಾಗಿ ಸಾಗಿತು ಅಂತ ಯಾರೂ ತಿಳಿಯಬಾರದು. ಆಶ್ಲೇಷ ಮಳೆಯಲ್ಲಿ ಒಂದು ಸಲ ಎಲ್ಲ ನಿಂತೇಹೋಯಿತು. ಆಗಸ್ಟ್ ಮೊದಲ ವಾರಗಳು. ಮೇಲಿನ ತೋಟದಲ್ಲಿ ಮರ ಬಿದ್ದು ಕರೆಂಟು ಹೋಯಿತು. ಒಂದೆರಡು ದಿನ ಅಲ್ಲ, ದಿನಗಟ್ಟಲೆ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮಾವನಿಗೆ ಜ್ವರ, ಎದೆಯಲ್ಲಿ ಕಫ. ರಾತ್ರಿ ಟಾರ್ಚ್ ಹಿಡಿದು ಅವರ ಉಸಿರು ಎಣಿಸುತ್ತಾ ಕೂತಿರುತ್ತಿದ್ದೆ. ಬೆಳಗ್ಗೆ ಗಂಬೂಟು ಹಾಕಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಮಳೆ ಅಳೆದು ಬರುತ್ತಿದ್ದೆ. ಕಾಲಿಗೆ ಇಂಬಳ ಕಚ್ಚಿದ್ದೂ ಗೊತ್ತಾಗುತ್ತಿರಲಿಲ್ಲ. ಇಂಚು ಬರೆಯುತ್ತಿದ್ದೆ, ಸೆಂಟು ಬರೆಯುತ್ತಿದ್ದೆ, ಷರಾ ಖಾಲಿ ಬಿಡುತ್ತಿದ್ದೆ. ಬರೆಯಲು ಏನೂ ಕಾಣುತ್ತಿರಲಿಲ್ಲ. ಬಲವಂತ ಮಾಡಿ ಬರೆಯಲೂ ಇಷ್ಟ ಇರಲಿಲ್ಲ. ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಖುಷಿ ಇಲ್ಲದ ದಿನ ಖುಷಿ ಇದೆ ಅಂತ ಬರೆದರೆ ಪುಸ್ತಕವನ್ನು ನಂಬುವುದು ಹೇಗೆ? ಮಳೆ ಬಾರದ ದಿನ ಮಾವ ಸೊನ್ನೆ ಬರೆಯುತ್ತಿದ್ದರು. ಸೊನ್ನೆಯೂ ಲೆಕ್ಕವೇ.

ಜ್ವರ ಇಳಿದ ಮೇಲೆ ಒಂದು ಬೆಳಗ್ಗೆ ಮಾವ ಪುಸ್ತಕ ಕೇಳಿದರು. ತೊಡೆ ಮೇಲೆ ಇಟ್ಟೆ. ಖಾಲಿ ಷರಾಗಳ ಮೇಲೆ ಎಡಗೈ ಬೆರಳು ಓಡಿಸಿದರು. ಪೆನ್ನಿಗೆ ಕೈ ಚಾಚಿದರು. ಎಡಗೈಯಲ್ಲಿ ಅವರು ಅಲ್ಲಿಯವರೆಗೆ ಒಂದು ಅಕ್ಷರವೂ ಬರೆದಿರಲಿಲ್ಲ. ಅವತ್ತಿನ ತಾರೀಕಿನ ಮುಂದೆ, ಗೆರೆ ದಾಟಿ, ಮೇಲೆ ಕೆಳಗೆ ಆಗಿ, ಎರಡು ಪದ ಮೂಡಿದವು. "ಗಂಜಿ ಬಿಸಿ."

ಹಿಂದಿನ ರಾತ್ರಿ ನಾನು ಮಾಡಿಕೊಟ್ಟ ಗಂಜಿ ಅದು. ಅಕ್ಕಿ ನುಚ್ಚು, ಶುಂಠಿ, ಜೀರಿಗೆ, ಉಪ್ಪು. ಇಷ್ಟು ದಿನ ನಾನು ಬೇರೆಯವರ ಕೈ ಹುಡುಕಿ ಬರೆಯುತ್ತಿದ್ದೆ. ನನ್ನ ಕೈಯನ್ನು ಯಾರಾದರೂ ನೋಡುತ್ತಿರಬಹುದು ಅಂತ ಹೊಳೆದೇ ಇರಲಿಲ್ಲ. ಅಡುಗೆ ಮನೆಗೆ ಹೋಗಿ ಅತ್ತು ಬಂದೆ. ಹಗುರ ಆಯಿತು.

ಆ ಕರೆಂಟಿನ ಕಥೆಯನ್ನೂ ಹೇಳಬೇಕು. ಲೈನ್‌ಮನ್ ಬಂದಾಗಲೂ ಮಳೆ ನಿಂತಿರಲಿಲ್ಲ. ಬಿದ್ದ ಮರ ಕಡಿದು ಸರಿಸಿ, ಇಳಿಜಾರಿನಲ್ಲಿ ಜಾರುತ್ತಾ ಕಂಬ ಹತ್ತಿದರು. ಜೊತೆಯಲ್ಲಿ ಇದ್ದವನು ಚಿಕ್ಕ ವಯಸ್ಸಿನ ಹುಡುಗ. ಇಂಥ ಮಳೆಗಾಲಗಳಲ್ಲಿ ಈ ಕೆಲಸ ಮಾಡುವವರ ಜೀವಕ್ಕೆ ಎಷ್ಟು ಅಪಾಯ ಅಂತ ನಮಗೆಲ್ಲ ಗೊತ್ತು. ಗೊತ್ತಿದ್ದೂ, ಕರೆಂಟು ಬಂದ ತಕ್ಷಣ ನಾವು ಫೋನ್ ಚಾರ್ಜಿಗೆ ಹಾಕಲು ಓಡುತ್ತೇವೆ. ಅವತ್ತು ಕಂಬದ ಬುಡಕ್ಕೆ ಬೆಲ್ಲದ ಕಾಫಿ ತೆಗೆದುಕೊಂಡು ಹೋದೆ, ಜೊತೆಗೆ ಅಕ್ಕಿ ರೊಟ್ಟಿ. "ನಿಮ್ಮಿಂದ ಮಾವನ ನೆಬ್ಯುಲೈಸರ್ ಶುರುವಾಯಿತಣ್ಣ" ಅಂದೆ. ಅವರು ಲೋಟ ಹಿಡಿದುಕೊಂಡೇ "ಮೊದಲೇ ಗೊತ್ತಿದ್ರೆ ಈ ಕಡೆ ಮೊದಲು ಬರ್ತಿದ್ದೆವು ಅಕ್ಕ, ನಂಬರ್ ಇಟ್ಕೊಳ್ಳಿ" ಅಂದರು. ಈಗ ಆ ನಂಬರ್ ನಮ್ಮ ಗೋಡೆ ಮೇಲಿದೆ. ಹತ್ತಿರದ ಇನ್ನೂ ಎರಡು ಮನೆಗಳಲ್ಲಿ ವಯಸ್ಸಾದವರು ಇದ್ದಾರೆ ಅಂತ ಅವರಿಗೆ ಬರೆದು ಕೊಟ್ಟೆ. ಮಾಡುವವರ ಬಗ್ಗೆ ಕೃತಜ್ಞತೆ ಇದೆ ಅಂತ ಕೊರತೆ ಬಗ್ಗೆ ಬಾಯಿ ಮುಚ್ಚಬೇಕಾಗಿಲ್ಲ. ತೋಟದ ನಡುವೆ ಹೋಗುವ ಹಳೇ ತಂತಿ ಬದಲಿಸಿ ಅಂತ ಊರಿನವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೂ ಆ ವರ್ಷವೇ. ಎರಡೂ ಒಟ್ಟಿಗೆ ಇರಲಿ.

ಆ ಬಿಡುವಿಲ್ಲದ ಮಳೆಯಲ್ಲೇ ಮಾವನ ಹಳೆ ಪುಸ್ತಕಗಳನ್ನು ತೆಗೆದು ನೋಡಿದ್ದೆ. 2018ರ ಆಗಸ್ಟ್ ಪುಟ ಹುಡುಕಿದೆ. ಆ ಆಗಸ್ಟಿನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು. ಜನ ಸತ್ತರು. ತೋಟಗಳು ಮಣ್ಣಿನ ಜೊತೆ ಹರಿದುಹೋದವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದರು. ಆ ವಾರ ಮಾವನ ಇಂಚಿನ ಅಂಕಿಗಳು ದೊಡ್ಡವು. ಷರಾದಲ್ಲಿ ಒಂದು ಕಡೆ "ಎಲ್ಲರೂ ಇದ್ದೇವೆ" ಅಂತ ಇತ್ತು. ಅದರ ಕೆಳಗಿನ ಸಾಲಿನಲ್ಲಿ, "ಅಕ್ಕಿ 2 ಮೂಟೆ ಕಳಿಸಿದೆ." ಬೇರೇನೂ ಇಲ್ಲ.

ಈ ಎರಡು ಸಾಲುಗಳ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಮನೆ ಕಳೆದುಕೊಂಡವರ ಮುಂದೆ ನಿಂತು "ಜೀವ ಉಳಿಯಿತಲ್ಲ, ಸಂತೋಷಪಡಿ" ಅಂತ ಹೇಳುವವರನ್ನು ಆಗ ನೋಡಿದ್ದೇವೆ. ಆ ಮಾತು ಕ್ರೂರ. ಕೃತಜ್ಞತೆಯನ್ನು ಇನ್ನೊಬ್ಬರಿಗೆ ಉಪದೇಶ ಮಾಡಬಾರದು. ಅದು ನಮ್ಮ ಪುಸ್ತಕದಲ್ಲಿ ನಾವು ಬರೆದುಕೊಳ್ಳುವುದು. "ಎಲ್ಲರೂ ಇದ್ದೇವೆ" ಅಂತ ತನ್ನ ಮನೆಯ ಬಗ್ಗೆ ಬರೆದ ಮನುಷ್ಯ, ಮುಂದಿನ ಸಾಲಿನಲ್ಲಿ ಮನೆ ಇರದವರಿಗೆ ಅಕ್ಕಿ ಕಳಿಸಿದ್ದ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ನನಗೆ ಇದ್ದದ್ದು ಮಂಕು, ದಣಿವು. ಅದಕ್ಕೆ ಈ ಬರೆಯುವ ಅಭ್ಯಾಸ ಸಹಾಯ ಮಾಡಿತು. ಖಿನ್ನತೆಯ ಕಾಯಿಲೆ ಇರುವವರಿಗೆ ಇದು ಔಷಧಿ ಅಲ್ಲ. ಗೆಳತಿಯೂ ಅದನ್ನೇ ಹೇಳಿದಳು. ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಇದರ ಗುಣ ಸಣ್ಣದು ಅಂತಲೇ ಕಂಡಿದೆಯಂತೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ವೈದ್ಯರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಹಾಯ ಕೇಳುವುದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ.

ದಿನಾ ಬರೆಯಬೇಕು ಅನ್ನುವ ಹಟವನ್ನು ಆಶ್ಲೇಷ ಮಳೆ ಆದ ಮೇಲೆ ಬಿಟ್ಟೆ. ಇದರ ಬಗ್ಗೆಯೂ ಗೆಳತಿ ಒಂದು ವಿಷಯ ಹೇಳಿದ್ದಳು. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವವರು ವಾರಕ್ಕೆ ಒಂದು ಸಲ ಬರೆಯುವವರನ್ನೂ ಮೂರು ಸಲ ಬರೆಯುವವರನ್ನೂ ಹೋಲಿಸಿ ನೋಡಿದಾಗ, ಒಂದು ಸಲ ಬರೆದವರಿಗೇ ಗುಣ ಕಂಡಿತಂತೆ. ಜಾಸ್ತಿ ಬರೆದರೆ ಅದೂ ಒಂದು ಚಾಕರಿ ಆಗಿಬಿಡುತ್ತದೆ. ನನಗೂ ಹಾಗೇ ಆಗಿತ್ತು. "ಹಕ್ಕಿ ಕೂಗಿತು" ಅಂತ ಸಾಲುಸಾಲು ದಿನ ಬರೆದಿದ್ದೆ. ಅದರಲ್ಲಿ ಕೊನೆಯ ಕೆಲವು ದಿನ ಹಕ್ಕಿಯನ್ನು ಕೇಳಿಸಿಕೊಂಡೇ ಇರಲಿಲ್ಲ. ಈಗ ಇಂಚು, ಸೆಂಟು ದಿನಾ. ಷರಾ ಮಾತ್ರ ಇದ್ದಾಗ.

ಬರೆಯದಿದ್ದರೂ ನೋಡುವುದು ನಿಲ್ಲಲಿಲ್ಲ. ನನಗೆ ಬಂದ ದೊಡ್ಡ ಬದಲಾವಣೆ ಇದೇ. ಆಟಿ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಕೊಡವರು ಕಕ್ಕಡ 18 ಅನ್ನುತ್ತಾರೆ. ಅವತ್ತಿಗೆ ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರಿರುತ್ತದೆ ಅನ್ನುವ ನಂಬಿಕೆ. ಬೇಯಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು. ಮೊದಲೆಲ್ಲ ನನಗೆ ಅದು ಹಬ್ಬದ ಒಂದು ಕೆಲಸ. ಈಗ ಆ ಬಣ್ಣ ಪಾತ್ರೆಯಲ್ಲಿ ಬಿಡುವುದನ್ನು ಮಗಳ ಜೊತೆ ನಿಂತು ನೋಡುತ್ತೇನೆ. ಮಾರನೇ ದಿನ ಮೂತ್ರವೂ ಕೆಂಪಾಗುತ್ತದೆ ಅಂತ ಅವಳಿಗೆ ಭಾರೀ ಸಂಭ್ರಮ. ಬೇಲಿ ಬದಿಯಿಂದ ಆ ಸೊಪ್ಪು ಕುಯ್ದು ತರುವುದು ಪಕ್ಕದ ಮನೆಯ ಅಜ್ಜಿ. ನಮಗೂ ಸೇರಿಸಿ ತರುತ್ತಾರೆ.

ಹುತ್ತರಿಯೂ ಹಾಗೇ. ವರ್ಷಕ್ಕೊಮ್ಮೆ ಒಂದು ಇಡೀ ನಾಡು ಭತ್ತದ ಗದ್ದೆಗೆ ಇಳಿದು ಕೃತಜ್ಞತೆ ಹೇಳುವ ರಾತ್ರಿ ಅದು. ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುತ್ತದೆ. ನೆರೆ ಕಟ್ಟುವುದು, ಅಂದರೆ ಪೂಜೆಯ ಎಲೆಗಳನ್ನು ಸೇರಿಸಿ ಕಟ್ಟುವುದು ಎಷ್ಟು ಗಂಟೆಗೆ, ಕದಿರು ತೆಗೆಯುವುದು ಎಷ್ಟು ಗಂಟೆಗೆ, ಊಟ ಎಷ್ಟಕ್ಕೆ ಅಂತ ಮೊದಲೇ ಪೇಪರಿನಲ್ಲಿ ಬರುತ್ತದೆ. ಬೆಳದಿಂಗಳಲ್ಲಿ ಗದ್ದೆಗೆ ಹೋಗಿ, ಕೋವಿಯಲ್ಲಿ ಒಂದು ಗುಂಡು ಹಾರಿಸಿ, ಮೊದಲ ತೆನೆ ಕುಯ್ಯುತ್ತಾ ಎಲ್ಲರೂ "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾರೆ. ಹೆಚ್ಚಲಿ, ಸಮೃದ್ಧಿಯಾಗಲಿ ಅಂತ ಬೇಡುವುದು. ಆ ಕದಿರನ್ನು ಮನೆಗೆ ತಂದು ಬಾಗಿಲಿಗೆ, ಕಂಬಕ್ಕೆ, ದೀಪಕ್ಕೆ, ಕಣಜಕ್ಕೆ ಕಟ್ಟುತ್ತಾರೆ. ಕೊಟ್ಟಿಗೆಗೂ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಮಗಳು ಒಂದು ಕದಿರು ಜಾಸ್ತಿ ತಂದು ಅಂಗಳದ ಮಳೆ ಡಬ್ಬದ ಕಂಬಕ್ಕೆ ಕಟ್ಟಿದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಮಾವ ಕಿಟಕಿಯಲ್ಲಿ ಕೂತು ಅದನ್ನು ನೋಡಿ ಎಡಗೈಯಿಂದ ಮೇಜು ತಟ್ಟಿದರು.

ಬೇಸಿಗೆಯಲ್ಲಿ ಷರಾ ತುಂಬುವುದು ಕಷ್ಟವೇ ಅಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕಾಫಿಗೆ ಹೂ ಮಳೆ ಬೇಕು. ಒಂದು ಇಂಚಿನಷ್ಟು ಬಿದ್ದರೆ ಸಾಕು. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಮಲ್ಲಿಗೆಯ ಥರದ ವಾಸನೆ ಮನೆಯೊಳಗೂ ಬರುತ್ತದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಹೂ ಇರುವುದು ಕೆಲವೇ ದಿನ. ಆ ದಿನಗಳಲ್ಲಿ ತುಡುವೆ, ಹೆಜ್ಜೇನು ಎಲ್ಲ ಬಂದು ತೋಟ ಗುಂಯ್ ಅನ್ನುತ್ತಿರುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂ ಮಳೆಯ ಬೆನ್ನಿಗೆ ಬೀಳಬೇಕಾದ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಇಷ್ಟೆಲ್ಲ ಸೇರಿದರೆ ಒಂದು ಲೋಟ ಕಾಫಿ. "ಯಾಕೆ" ಅಂತ ಕೇಳುತ್ತಾ ಹೋಗುವ ನನ್ನ ಅಭ್ಯಾಸ ಇಲ್ಲಿ ಮನುಷ್ಯರನ್ನೂ ದಾಟಿ ಜೇನಿನವರೆಗೆ ಹೋಯಿತು. ಆ ವರ್ಷದಿಂದ ಹೂ ಇರುವ ದಿನಗಳಲ್ಲಿ ನಮ್ಮ ತೋಟದಲ್ಲಿ ಔಷಧಿ ಹೊಡೆಯುವುದನ್ನು ಪೂರ್ತಿ ನಿಲ್ಲಿಸಿದ್ದೇವೆ.

ಕಳೆದ ಹೂ ಮಳೆಗೆ ಮಾವನನ್ನು ಗಾಲಿ ಕುರ್ಚಿಯಲ್ಲಿ ಕಣದವರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಮೇಲಿನ ತೋಟ ಕಾಣುತ್ತದೆ. ಗಂಡ ಒಂದು ರೆಂಬೆ ಬಗ್ಗಿಸಿ ಅವರ ಮುಖದ ಹತ್ತಿರ ತಂದರು. ವಾಸನೆ ತೆಗೆದುಕೊಂಡು, ತೊದಲುತ್ತಾ, "ಒಂದು... ಹತ್ತು" ಅಂದರು. ಆ ಮಳೆ ಒಂದು ಇಂಚು ಹತ್ತು ಸೆಂಟು ಬಿದ್ದಿತ್ತು. ನನಗೇ ಮರೆತಿತ್ತು, ಅವರಿಗೆ ನೆನಪಿತ್ತು.

ನಿಮ್ಮ ಅಂಗಳದಲ್ಲಿ ಮಳೆ ಡಬ್ಬ ಇರಬೇಕೆಂದಿಲ್ಲ. ಪಿರಿಯಾಪಟ್ಟಣದಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದಾಗ ಅವಳು ಗೋಡೆ ಕ್ಯಾಲೆಂಡರನ್ನೇ ಹಿಡಿದುಕೊಂಡಳು. ಹಾಲಿನ ಲೆಕ್ಕ ಬರೆಯುವ ಅದೇ ಚೌಕ. ಒಂದು ಮೂಲೆಯಲ್ಲಿ ಎಷ್ಟು ಲೀಟರ್, ಇನ್ನೊಂದು ಮೂಲೆಯಲ್ಲಿ ಒಂದು ಸಾಲು. ಜಾಗ ಕಮ್ಮಿ ಇರುವುದೇ ಒಳ್ಳೆಯದು ಅನ್ನುತ್ತಾಳೆ, ಉದ್ದ ಬರೆಯಲು ಆಗುವುದಿಲ್ಲ. ಯಾರಿಂದ ಆಯಿತು ಅಂತ ಕೇಳಿ ತಿಳಿದುಕೊಂಡೇ ಬರೆಯಬೇಕು ಅನ್ನುವುದು ಅವಳೇ ಹಾಕಿಕೊಂಡ ಕಟ್ಟುಪಾಡು. ಭಾನುವಾರ ಫೋನ್ ಮಾಡಿದಾಗ ಮೊದಲು ನನ್ನ ಇಂಚು ಕೇಳುತ್ತಾಳೆ, ಆಮೇಲೆ ತನ್ನ ಕ್ಯಾಲೆಂಡರ್ ಓದುತ್ತಾಳೆ. ಹೋದ ವಾರದ್ದು ಹೀಗಿತ್ತು: "ನಲ್ಲಿಯಲ್ಲಿ ಅರ್ಧ ಗಂಟೆ ಜಾಸ್ತಿ ನೀರು ಬಂತು. ನೀರುಗಂಟಿಯನ್ನು ಕೇಳಿದೆ, ಯಾಕಣ್ಣ ಅಂತ. ನಿಮ್ಮ ಬೀದೀಲಿ ಮದುವೆ ಮನೆ ಇದೆಯಲ್ಲಮ್ಮ, ಪಾತ್ರೆ ಜಾಸ್ತಿ ಇರುತ್ತೆ ಅಂದ."